ಪ್ಯಾಕೆಟ್ ಮೇಲೆ ಹುಯಿಲಾ, ಲೋಟದಲ್ಲಿ ಹುಳಿ: ಕೊಲಂಬಿಯಾ ಕಾಫಿಯ ಊರು, ರುಚಿಯ ಲೆಕ್ಕ

ಓದುಗರ ಪ್ರಶ್ನೆ: ನಾನು ಹಾಸನದವಳು. ಈಗ ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಇಷ್ಟು ದಿನ ಇಲ್ಲಿನ ದೊಡ್ಡ ಅಂಗಡಿಯಲ್ಲಿ ಸಿಗುವ ‘100% ಕೊಲಂಬಿಯನ್ ಸುಪ್ರೀಮೊ, ಡಾರ್ಕ್ ರೋಸ್ಟ್’ ಪುಡಿಯಲ್ಲೇ ಸ್ಟೀಲ್ ಫಿಲ್ಟರ್‌ಗೆ ಡಿಕಾಕ್ಷನ್ ಹಾಕುತ್ತಿದ್ದೆ. ಪರವಾಗಿಲ್ಲ ಅನ್ನುವಂತಿತ್ತು. ಈಚೆಗೆ ಒಂದು ಚಿಕ್ಕ ರೋಸ್ಟರಿಯಿಂದ ಹುಯಿಲಾ, ನರಿನ್ಯೊ ಅಂತ ಎರಡು ಪ್ಯಾಕೆಟ್ ತಂದು ಅಲ್ಲೇ ಪುಡಿ ಮಾಡಿಸಿದೆ. ಬೆಲೆ ದುಪ್ಪಟ್ಟು. ಮೇಲೆ ಕಿತ್ತಳೆ, ಮಲ್ಲಿಗೆ, ಕ್ಯಾರಮೆಲ್ ಅಂತ ಬರೆದಿದೆ. ರಾತ್ರಿಯೇ ಡಿಕಾಕ್ಷನ್ ಹಾಕಿಟ್ಟು ಬೆಳಿಗ್ಗೆ ಕುಡಿದರೆ ತೆಳ್ಳಗೆ, ಹುಳಿ. ಒಂದು ದಿನ ಹಾಲು ಒಡೆದೇ ಹೋಯಿತು. ನಮ್ಮ ಯಜಮಾನರು ‘ಎಸೆನ್ಸ್ ಹಾಕಿರ್ತಾರೆ’ ಅಂತಾರೆ. ಅಂಗಡಿಯವರು ‘ಜ್ವಾಲಾಮುಖಿ ಮಣ್ಣು, ಅದಕ್ಕೇ ಈ ರುಚಿ’ ಅಂದರು. ನಾನು ಮೋಸ ಹೋದೆನಾ? ಊರಿಂದ ಊರಿಗೆ ರುಚಿ ನಿಜವಾಗಿ ಬೇರೆಯಾಗುತ್ತಾ? ನಮ್ಮ ಹಾಲಿನ ಕಾಫಿಗೆ ಕೊಲಂಬಿಯಾದ ಯಾವ ಕಡೆಯದು ಹೊಂದುತ್ತೆ? ‘ಪೀಚ್ ಹಣ್ಣಿನ ಜೊತೆ ಹುದುಗಿಸಿದ್ದು’ ಅಂತ ಇನ್ನೊಂದು ಅಲ್ಲಿತ್ತು, ಅದೇನು?

ಉತ್ತರ:

ಮೋಸ ಹೋಗಿಲ್ಲ ಮೇಡಂ. ನಿಮ್ಮ ಕೈಗೆ ಸಿಕ್ಕಿದ್ದು ಬಹುಶಃ ಒಳ್ಳೆಯ ಕಾಫಿಯೇ. ಹಾಲು ಹಾಕದೆ, ಬೇರೆ ರೀತಿಯಲ್ಲಿ ಸೋಸಿ ಕುಡಿಯಲಿ ಅಂತ ಅದನ್ನು ಹುರಿದಿದ್ದಾರೆ. ನೀವು ಅದನ್ನು ನಮ್ಮ ಫಿಲ್ಟರ್‌ಗೆ ಹಾಕಿ, ರಾತ್ರಿಯಿಡೀ ಇಟ್ಟು, ಹಾಲಿನ ಜೊತೆ ಬೆರೆಸಿದ್ದೀರಿ. ಹುಳಿ ಬಂದಿದ್ದಕ್ಕೆ ಊರು ಕಾರಣ ಸ್ವಲ್ಪ. ಹುರಿದ ರೀತಿ, ಪುಡಿಯ ದಪ್ಪ, ಡಿಕಾಕ್ಷನ್ ಕಾದು ಕೂತಿದ್ದು ಜಾಸ್ತಿ ಕಾರಣ. ಕಾಫಿ ರುಚಿ ನೋಡಿ ದರ್ಜೆ ಹೇಳುವ ಕೆಲಸದಲ್ಲಿರುವ ನನಗೆ ಈ ದೂರು ಹೊಸದಲ್ಲ. ಹೊರದೇಶದಲ್ಲಿರುವ ನಮ್ಮವರಿಂದಲೇ ಹೆಚ್ಚು ಬರುತ್ತದೆ.

ಮೊದಲು ಎಸೆನ್ಸ್ ವಿಷಯ. ಅಮೆರಿಕದಲ್ಲಿ ಕಾಫಿಗೆ ಪರಿಮಳ ಸೇರಿಸಿದ್ದರೆ ಲೇಬಲ್‌ನಲ್ಲಿ ಹೇಳಬೇಕು, ಫ್ಲೇವರ್ ಅನ್ನುವ ಪದ ಅಲ್ಲಿರುತ್ತದೆ. ವೆನಿಲಾ, ಹೇಜಲ್‌ನಟ್ ಕಾಫಿಗಳ ಪ್ಯಾಕೆಟ್ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಪ್ಯಾಕೆಟ್‌ನಲ್ಲಿ ಬರೀ ಕಾಫಿ ಅಂತಿದ್ದರೆ ‘ಕಿತ್ತಳೆ’ ಅನ್ನುವುದು ಕುಡಿದು ನೋಡಿದವರಿಗೆ ನೆನಪಾದ ರುಚಿ, ಅಷ್ಟೇ. ಆದರೆ ಅದು ಪೂರ್ತಿ ಕಲ್ಪನೆಯೂ ಅಲ್ಲ. ಕಾಫಿ ಬೀಜದಲ್ಲಿ ಸಿಟ್ರಿಕ್ ಆಮ್ಲ ಇದೆ, ನಿಂಬೆ ಕಿತ್ತಳೆಗಳಲ್ಲಿರುವುದೂ ಅದೇ. ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವೂ ಇದೆ. ಮಲ್ಲಿಗೆಯ ಘಮಕ್ಕೆ ಕಾರಣವಾದ ವಸ್ತುಗಳಲ್ಲಿ ಒಂದು ಲಿನಲೂಲ್, ಕಾಫಿಯಲ್ಲೂ ಅದು ಅಲ್ಪ ಪ್ರಮಾಣದಲ್ಲಿ ಸಿಗುತ್ತದೆ. ಕಡಿಮೆ ಹುರಿದಾಗ ಇವೆಲ್ಲ ಉಳಿಯುತ್ತವೆ. ಕಪ್ಪಗೆ ಹುರಿದರೆ ಹೋಗುತ್ತವೆ. ಪಕ್ಕದಲ್ಲಿ ಕಿತ್ತಳೆ ಗಿಡ ಇದ್ದಿದ್ದಕ್ಕೆ ಆ ರುಚಿ ಬಂತು ಅಂತಲೂ ಕೆಲವರು ಹೇಳುತ್ತಾರೆ, ನಂಬಬೇಡಿ. ಕೊಡಗು, ಸಕಲೇಶಪುರದ ತೋಟಗಳಲ್ಲಿ ನೆರಳಿನ ಮರಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಕಾಫಿ ಖಾರ ಆಗುತ್ತದಾ?

ಇನ್ನು ಜ್ವಾಲಾಮುಖಿ ಮಣ್ಣು. ಇದು ಅರ್ಧ ನಿಜ. ನರಿನ್ಯೊದಲ್ಲಿ ಗಲೇರಾಸ್, ಕಾಲ್ದಾಸ್ ಕಡೆ ನೆವಾಡೊ ದೆಲ್ ರೂಯಿಸ್ ಇವೆ, ಎರಡೂ ಇನ್ನೂ ಬದುಕಿರುವ ಜ್ವಾಲಾಮುಖಿಗಳು. ರೂಯಿಸ್ 1985ರ ನವೆಂಬರ್‌ನಲ್ಲಿ ಸಿಡಿದಾಗ ಕೆಸರಿನ ಪ್ರವಾಹ ಅರ್ಮೆರೊ ಎಂಬ ಊರನ್ನೇ ಮುಚ್ಚಿಹಾಕಿತು, 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಬೂದಿ ಮಣ್ಣು ಹಗುರ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಸಲೀಸಾಗಿ ಇಳಿಯುತ್ತದೆ. ಗಿಡಕ್ಕೆ ಒಳ್ಳೆಯದು, ಸಂಶಯವಿಲ್ಲ. ಆದರೆ ಬೂದಿಯಿಂದ ನೇರವಾಗಿ ಮಲ್ಲಿಗೆ ರುಚಿ ಬರುವುದಿಲ್ಲ. ಉತ್ತರದ ಸಾಂತಾಂದೇರ್‌ನಲ್ಲಿ ಜ್ವಾಲಾಮುಖಿ ಮಣ್ಣೇ ಇಲ್ಲ, ಅಲ್ಲಿಯ ಕಾಫಿಗೂ ತನ್ನದೇ ಗುರುತಿದೆ. ರುಚಿಯ ವ್ಯತ್ಯಾಸದ ಮೂಲ ಹುಡುಕುವವರು ಮಣ್ಣಿಗಿಂತ ಮೊದಲು ಆಕಾಶ ನೋಡಬೇಕು: ಎತ್ತರ, ರಾತ್ರಿಯ ಚಳಿ, ಮಳೆ ಬೀಳುವ ತಿಂಗಳು.

ಕೊಲಂಬಿಯಾದ ನಕ್ಷೆ ಒಮ್ಮೆ ತೆಗೆದು ನೋಡಿ. ದಕ್ಷಿಣದಿಂದ ಒಂದೇ ಸಾಲಾಗಿ ಬರುವ ಆಂಡೀಸ್ ಬೆಟ್ಟ ಆ ದೇಶದೊಳಗೆ ಬಂದ ಮೇಲೆ ಮೂರು ಕವಲಾಗಿ ಉತ್ತರಕ್ಕೆ ಹೋಗುತ್ತದೆ. ಕವಲುಗಳ ನಡುವಿನ ಕಣಿವೆಗಳಲ್ಲಿ ಕೌಕಾ, ಮಗ್ದಲೇನಾ ನದಿಗಳು ಹರಿಯುತ್ತವೆ. ಕಾಫಿ ಇರುವುದು ಈ ಮೂರು ಸಾಲುಗಳ ಇಳಿಜಾರಿನಲ್ಲಿ, ಹೆಚ್ಚಾಗಿ 1,200ರಿಂದ 2,000 ಮೀಟರ್ ಎತ್ತರದಲ್ಲಿ. ಬೆಳೆಯುವುದು ಅರೇಬಿಕಾ. ಬ್ರೆಜಿಲ್, ವಿಯೆಟ್ನಾಂ ಬಿಟ್ಟರೆ ಜಗತ್ತಿನಲ್ಲಿ ಜಾಸ್ತಿ ಕಾಫಿ ಬೆಳೆಯುವುದು ಇವರೇ. ಆದರೂ ದೊಡ್ಡ ಎಸ್ಟೇಟ್‌ಗಳ ದೇಶ ಅಲ್ಲ ಅದು. ಐದು ಲಕ್ಷಕ್ಕೂ ಹೆಚ್ಚು ಕುಟುಂಬಗಳು, ಬಹುಪಾಲು ಐದು ಹೆಕ್ಟೇರ್‌ಗಿಂತ ಸಣ್ಣ ಹಿಡುವಳಿಗಳು. ಮನೆ ಪಕ್ಕದಲ್ಲೇ ಹಣ್ಣಿನ ಸಿಪ್ಪೆ ತೆಗೆಯುವ ಒಂದು ಪಲ್ಪರ್, ಹುದುಗಿಸಲು ಒಂದು ತೊಟ್ಟಿ, ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಒಂದು ಚಪ್ಪರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎತ್ತರ ಯಾಕೆ ಮುಖ್ಯ ಅಂದರೆ, ಸಾವಿರ ಮೀಟರ್ ಮೇಲೆ ಹತ್ತಿದರೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ತಂಪಿನಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತದೆ. ಬೀಜ ಗಟ್ಟಿಯಾಗುತ್ತದೆ, ಆಮ್ಲ, ಸಿಹಿ ಎರಡೂ ತುಂಬಿಕೊಳ್ಳುತ್ತವೆ. ನಮ್ಮ ಕಡೆ ಚಳಿ ಬಿದ್ದ ಮೇಲೆ ಅವರೆಕಾಯಿಗೆ ಸೊಗಡು ಬರುತ್ತದಲ್ಲ, ಹಾಗೆ.

ಇಲ್ಲೊಂದು ತಪ್ಪು ಲೆಕ್ಕ ಜನ ಹಾಕುತ್ತಾರೆ. ‘ನರಿನ್ಯೊ 2,000 ಮೀಟರ್, ನಮ್ಮ ಬಾಬಾಬುಡನ್‌ಗಿರಿ ಕಡೆಯ ತೋಟ 1,200 ಮೀಟರ್, ಹಾಗಾದರೆ ನಮ್ಮದು ಕಡಿಮೆ’ ಅಂತ. ಮೀಟರ್ ಲೆಕ್ಕ ಹಾಗೆ ನೇರವಾಗಿ ಹೋಲಿಸಲು ಬರುವುದಿಲ್ಲ. ನರಿನ್ಯೊ ಇರುವುದು ಸಮಭಾಜಕ ವೃತ್ತದಿಂದ ಒಂದು ಡಿಗ್ರಿ ಚಿಲ್ಲರೆ ಉತ್ತರಕ್ಕೆ, ಚಿಕ್ಕಮಗಳೂರು 13 ಡಿಗ್ರಿಯಲ್ಲಿದೆ. ಸಮಭಾಜಕದ ಹತ್ತಿರ ಹೋದಷ್ಟೂ ಅದೇ ಹವೆ ಸಿಗಲು ಇನ್ನಷ್ಟು ಮೇಲೆ ಹತ್ತಬೇಕು. ಒಂದೇ ದೇಶದೊಳಗೂ ಹೀಗೇ. ಕೊಲಂಬಿಯಾದ ಉತ್ತರ ತುದಿಯಲ್ಲಿ 1,400 ಮೀಟರ್ ಅಂದರೆ ಒಳ್ಳೆಯ ಎತ್ತರ. ದಕ್ಷಿಣ ತುದಿಯಲ್ಲಿ ಅದು ತಗ್ಗು.

ಈಗ ನೀವು ತಂದ ಎರಡು ಊರುಗಳಿಗೆ ಬರೋಣ.

ನರಿನ್ಯೊ ಈಕ್ವೆಡಾರ್ ಗಡಿಯ ಜಿಲ್ಲೆ. ಅವರು ಇಂಥ ಪ್ರಾಂತ್ಯವನ್ನು ಡಿಪಾರ್ಟ್‌ಮೆಂಟ್ ಅನ್ನುತ್ತಾರೆ, ನಾನು ಸುಮ್ನೆ ಜಿಲ್ಲೆ ಅನ್ನುತ್ತೇನೆ. ಬುಎಸಾಕೊ, ಲಾ ಉನಿಯೊನ್ ಅನ್ನುವ ಊರುಗಳ ಸುತ್ತ ಕೆಲವು ತೋಟ 2,200 ಮೀಟರ್‌ವರೆಗೆ ಹತ್ತಿವೆ. ಅಷ್ಟು ಎತ್ತರದಲ್ಲಿ ಅರೇಬಿಕಾ ಚಳಿಗೆ ಸೊರಗಬೇಕಿತ್ತು. ಉಳಿದುಕೊಳ್ಳಲು ಕಾರಣ ಕಣಿವೆಗಳು. ಹಗಲೆಲ್ಲ ಕಾದ ಆಳ ಕಣಿವೆಯ ಬಿಸಿ ಗಾಳಿ ರಾತ್ರಿ ಮೇಲೇರಿ ಗಿಡಗಳನ್ನು ಕಾಯುತ್ತದೆ. ಹೀಗೆ ಮಾಗಿದ ಕಾಫಿಯ ರುಚಿ ಚುರುಕು. ನಾಲಿಗೆಯ ಎರಡು ಅಂಚಿನಲ್ಲಿ ನಿಂಬೆಯಂಥ ಹುಳಿ, ಹಿಂದಿನಿಂದ ಸಿಹಿ, ಬಾಯಲ್ಲಿ ಹಗುರ. ಕೊಲಂಬಿಯಾದಲ್ಲಿ ನನಗೆ ತುಂಬಾ ಇಷ್ಟವಾದ ಕಾಫಿ ಇದು, ಹಾಲಿಲ್ಲದೆ. ಹಾಲು ಹಾಕಿದರೆ ಇದರಷ್ಟು ಬೇಸರ ತರುವ ಕಾಫಿಯೂ ಕಡಿಮೆ. ಅಂದರೆ ನೀವು ಹಾಲಿಗೆ ಎಲ್ಲಕ್ಕಿಂತ ಹೊಂದದ ಊರನ್ನೇ ಆರಿಸಿದ್ದೀರಿ!

ಹುಯಿಲಾವನ್ನು ಅಲ್ಲಿಯವರು ‘ವೀಲಾ’ ಅನ್ನುತ್ತಾರೆ. ಈಗ ದೇಶದಲ್ಲೇ ಜಾಸ್ತಿ ಕಾಫಿ ಬೆಳೆಯುವ ಜಿಲ್ಲೆ. ಪಿತಾಲಿತೊ, ಗಾರ್ಸೊನ್, ಸಾನ್ ಅಗುಸ್ತೀನ್ ಇಲ್ಲಿನ ಹೆಸರಾದ ಊರುಗಳು. ಕೆಂಪು ದ್ರಾಕ್ಷಿ, ಕ್ಯಾರಮೆಲ್, ಒಮ್ಮೊಮ್ಮೆ ಮಾವಿನ ನೆನಪು. ನರಿನ್ಯೊಗಿಂತ ದುಂಡಗಿನ ರುಚಿ. ಆದರೆ ಹುಯಿಲಾ ದೊಡ್ಡದು. ‘ಹುಯಿಲಾ’ ಅಂತ ಮಾತ್ರ ಬರೆದ ಪ್ಯಾಕೆಟ್‌ನಲ್ಲಿ ಹತ್ತಾರು ಕುಟುಂಬಗಳ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಹೊಟ್ಟು ಬಿಡಿಸದ ಬೀಜ) ಬೆರೆತಿರಬಹುದು. ಒಬ್ಬರು ತೊಟ್ಟಿಯಲ್ಲಿ 14 ಗಂಟೆ ಹುದುಗಿಸಿದ್ದಾರೆ, ಇನ್ನೊಬ್ಬರು 36 ಗಂಟೆ. ಒಬ್ಬರು ಪೂರ್ತಿ ಹಣ್ಣಾದದ್ದನ್ನೇ ಕೊಯ್ದಿದ್ದಾರೆ, ಇನ್ನೊಬ್ಬರಿಗೆ ಆಳು ಸಿಗದೆ ಅರೆಗಾಯಿಯೂ ಬಂದಿದೆ. ಹಾಗಾಗಿ ಊರಿನ ಹೆಸರು ಏನನ್ನು ನಿರೀಕ್ಷಿಸಬಹುದು ಅಂತ ಹೇಳುತ್ತದೆಯೇ ಹೊರತು ಲೋಟದಲ್ಲಿ ಏನಿದೆ ಅಂತ ಹೇಳುವುದಿಲ್ಲ. ತೋಟದ ಹೆಸರೋ ಸಹಕಾರ ಸಂಘದ ಹೆಸರೋ ಇದ್ದರೆ ಆ ಭರವಸೆ ಸ್ವಲ್ಪ ಗಟ್ಟಿ.

ಪಕ್ಕದ ಕೌಕಾ ಜಿಲ್ಲೆಯ ರುಚಿ ನರಿನ್ಯೊ ಕಡೆಗೇ ವಾಲುತ್ತದೆ. ಪೊಪಯಾನ್ ಸುತ್ತಲಿನ ಪ್ರಸ್ಥಭೂಮಿ, ಇನ್ಸಾ ಕಡೆಯ ಬೆಟ್ಟ. ಹೂವಿನ ಘಮ, ಕ್ಯಾರಮೆಲ್, ಚೊಕ್ಕ ಹುಳಿ. ತೊಲಿಮಾದ್ದು ಬೇರೆಯೇ ಕಥೆ. ಅದರ ದಕ್ಷಿಣ ತುದಿಯ ಪ್ಲನಾದಾಸ್ ಕಡೆಯ ಗುಡ್ಡಗಳಲ್ಲೇ 1964ರಲ್ಲಿ ಫಾರ್ಕ್ ಬಂಡುಕೋರ ಪಡೆ ಹುಟ್ಟಿದ್ದು. ದಶಕಗಳ ಕಾಲ ಹೊರಗಿನ ಕಾಫಿ ವ್ಯಾಪಾರಿಗಳು ಅಲ್ಲಿಗೆ ಹೋಗಲು ಹೆದರುತ್ತಿದ್ದರು. 2016ರ ಶಾಂತಿ ಒಪ್ಪಂದದ ನಂತರ ಪ್ಲನಾದಾಸ್ ಅನ್ನುವ ಹೆಸರು ಪ್ಯಾಕೆಟ್‌ಗಳ ಮೇಲೆ ಧೈರ್ಯವಾಗಿ ಕಾಣಿಸತೊಡಗಿತು. ಕಾಫಿ ಮೊದಲೂ ಚೆನ್ನಾಗಿಯೇ ಇತ್ತು. ಬೇರೆಯವರ ಚೀಲದಲ್ಲಿ ಬೆರೆತು ಹೆಸರಿಲ್ಲದೆ ಹೋಗುತ್ತಿತ್ತು.

ನಡುನಾಡಿಗೆ ಬಂದರೆ ಕಾಲ್ದಾಸ್, ರಿಸರಾಲ್ದಾ, ಕಿಂದಿಯೊ. ಪ್ರವಾಸಿಗರು ಫೋಟೊ ತೆಗೆಯುವ ಕೊಲಂಬಿಯಾ ಇದು. 2011ರಲ್ಲಿ ಯುನೆಸ್ಕೊ ಇಲ್ಲಿನ ಕಾಫಿ ನಾಡನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಇದರ ಉತ್ತರಕ್ಕೆ ಆಂಟಿಯೋಕಿಯಾ, ಮೆಡೆಲಿನ್ ಪಟ್ಟಣ ಇರುವ ಜಿಲ್ಲೆ. ಹಳೆಯ ವ್ಯಾಪಾರಿಗಳು ಮೆಡೆಲಿನ್, ಅರ್ಮೇನಿಯಾ, ಮನಿಸಾಲೆಸ್ ಮೂರನ್ನೂ ಸೇರಿಸಿ ‘ಮ್ಯಾಮ್’ ಅಂತ ಒಂದೇ ಹೆಸರಲ್ಲಿ ಮಾರುತ್ತಿದ್ದರು. ರುಚಿ ಅಷ್ಟು ಒಂದೇ ತರಹ. ಹಾಲು ಚಾಕೊಲೇಟ್, ಹುರಿದ ಕಡಲೆಬೀಜ, ಸಣ್ಣ ಹುಳಿ, ಯಾವುದೂ ಅತಿಯಿಲ್ಲ. ‘ಕೊಲಂಬಿಯಾ ಕಾಫಿ’ ಅಂದರೆ ಜಗತ್ತಿಗೆ ನೆನಪಾಗುವ ರುಚಿ ಬಹುಪಾಲು ಇದೇ. ನಿಮ್ಮ ದೊಡ್ಡ ಅಂಗಡಿಯ ಪುಡಿಯೂ ಇದೇ ಧಾಟಿಯದು.

ನಿಮಗೆ ನಿಜವಾಗಿ ಹೇಳಬೇಕಾದ ಊರುಗಳು ಇನ್ನೂ ಉತ್ತರದಲ್ಲಿವೆ.

ಒಂದು ಸಾಂತಾಂದೇರ್. ಕೊಲಂಬಿಯಾದಲ್ಲಿ ಕಾಫಿ ಮೊದಲು ಬೇರೂರಿದ್ದು ವೆನೆಜುವೆಲಾ ಗಡಿಯ ಕಡೆಗಿರುವ ಈ ಭಾಗದಲ್ಲೇ. ತೋಟಗಳು ತಗ್ಗಿನಲ್ಲಿವೆ, ಬಿಸಿಲು ಜೋರು, ಅದಕ್ಕೇ ದಟ್ಟ ನೆರಳಿನ ಮರಗಳು. ಹುಳಿ ಕಡಿಮೆ, ಕಾಫಿ ದಪ್ಪ, ಬೆಲ್ಲದ ಸಿಹಿ, ಒಣ ತಂಬಾಕಿನ ಒಂದು ಎಳೆ.

ಇನ್ನೊಂದು ಸಿಯೆರಾ ನೆವಾಡಾ ದೆ ಸಾಂತಾ ಮಾರ್ತಾ. ಇದು ಆಂಡೀಸ್ ಸಾಲಿಗೆ ಸೇರಿದ್ದಲ್ಲ. ಕೆರಿಬಿಯನ್ ಸಮುದ್ರದ ದಡದಲ್ಲೇ ಒಂಟಿಯಾಗಿ ಎದ್ದು ನಿಂತ ಬೆಟ್ಟ, ತುದಿಯಲ್ಲಿ ಹಿಮ. ಇಲ್ಲಿ ಅರುವಾಕೊ ಮುಂತಾದ ಮೂಲನಿವಾಸಿಗಳೂ ಕಾಫಿ ಬೆಳೆಯುತ್ತಾರೆ, ಸಾವಯವ ಕಾಫಿ ಇಲ್ಲಿಂದ ಸಾಕಷ್ಟು ಹೋಗುತ್ತದೆ. ಸುಮಾರು 900ರಿಂದ 1,600 ಮೀಟರ್, ಪೂರ್ತಿ ನೆರಳು, ವರ್ಷಕ್ಕೆ ಒಂದೇ ಕೊಯ್ಲು. ಓದುತ್ತಾ ಹೋದರೆ ಕೊಡಗಿನ ವಿವರದಂತೆ ಕೇಳಿಸುತ್ತದೆ, ಅಲ್ವಾ? ಇದು ಕಾಕತಾಳೀಯವಲ್ಲ. ಆ ಬೆಟ್ಟ 11 ಡಿಗ್ರಿ ಉತ್ತರದಲ್ಲಿದೆ, ಮಡಿಕೇರಿ 12ರಲ್ಲಿ. ಕಡು ಚಾಕೊಲೇಟ್, ಬಾದಾಮಿಯಂಥ ಬೀಜಗಳ ರುಚಿ, ಬಾಯಿ ತುಂಬುವ ದಪ್ಪ, ಮೆತ್ತನೆ ಹುಳಿ. ಕಣ್ಣು ಕಟ್ಟಿ ಕೊಟ್ಟರೆ ನಮ್ಮ ಪ್ಲಾಂಟೇಶನ್ ಕಾಫಿ (ತೊಳೆದು ಒಣಗಿಸಿದ ಅರೇಬಿಕಾ) ಅಂತ ಹೇಳುವವರನ್ನು ನೋಡಿದ್ದೇನೆ. ಹಾಸನದವರ ನಾಲಿಗೆಗೆ ಕೊಲಂಬಿಯಾದಲ್ಲಿ ನೆಂಟರು ಯಾರಾದರೂ ಇದ್ದರೆ ಇವರೇ.

ಒಂದೇ ಕೊಯ್ಲು ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ವಿವರಿಸಬೇಕು, ರುಚಿಗೂ ಅದಕ್ಕೂ ಸಂಬಂಧ ಇದೆ. ನಮ್ಮಲ್ಲಿ ಮಾರ್ಚ್ ಏಪ್ರಿಲ್‌ನ ಹೂಮಳೆಗೆ ತೋಟವೆಲ್ಲ ಒಟ್ಟಿಗೆ ಹೂ ಬಿಡುತ್ತದೆ, ಚಳಿಗಾಲದಲ್ಲಿ ಕೊಯ್ಲು. ಸಮಭಾಜಕದ ಹತ್ತಿರ ಮಳೆಯ ಪಟ್ಟಿ ವರ್ಷಕ್ಕೆ ಎರಡು ಸಲ ತಲೆಯ ಮೇಲೆ ಹಾದುಹೋಗುತ್ತದೆ. ಹೂ ಎರಡು ಸಲ, ಕೊಯ್ಲೂ ಎರಡು ಸಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು, ಚಿಕ್ಕದಕ್ಕೆ ಅಲ್ಲಿ ‘ಮಿತಾಕಾ’ ಅನ್ನುತ್ತಾರೆ. ಒಂದೇ ಕೊಂಬೆಯಲ್ಲಿ ಹೂ, ಹೀಚು, ಹಣ್ಣು ಒಟ್ಟಿಗೆ ಇರುವುದುಂಟು. ಕೊಯ್ಲಿನ ತಿಂಗಳಲ್ಲೂ ಮಳೆ, ಮೋಡ. ನಮ್ಮ ಹಾಗೆ ಕಣದಲ್ಲಿ ಹಣ್ಣನ್ನೇ ಹರಡಿ, ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡೋಣ ಅಂದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಅವರು ತಲೆಮಾರುಗಳಿಂದ ಸಿಪ್ಪೆ ತೆಗೆದು, ಹುದುಗಿಸಿ, ತೊಳೆದು, ಚಪ್ಪರದಡಿ ಒಣಗಿಸುತ್ತಾ ಬಂದಿದ್ದಾರೆ. ಕೊಲಂಬಿಯಾ ಕಾಫಿ ‘ಚೊಕ್ಕ’ ಅಂತ ಹೆಸರಾಗಿದ್ದರ ಹಿಂದೆ ಈ ಹವಾಮಾನದ ಒತ್ತಾಯ ಇದೆ. ತೊಳೆದ ಕಾಫಿಯಲ್ಲಿ ಹುಳಿ ಎದ್ದು ಕಾಣುತ್ತದೆ, ದಪ್ಪ ಕಡಿಮೆಯಾಗುತ್ತದೆ.

ತಳಿಯ ಬಗ್ಗೆ ನೀವು ಕೇಳಿಲ್ಲ, ಆದರೆ ರೋಸ್ಟರಿಯಲ್ಲಿ ‘ಕತೂರಾ ಇದ್ದರೆ ಮಾತ್ರ ತಗೊಳ್ಳಿ, ಕಸ್ತೀಯೊ ಬೇಡ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎಲೆ ತುಕ್ಕು ರೋಗ ಕೊಲಂಬಿಯಾಕ್ಕೆ ಕಾಲಿಟ್ಟಿದ್ದು 1983ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, ಚಿಂಚಿನಾ ಊರಿನ ಸೆನಿಕಾಫೆ ಸಂಶೋಧನಾ ಕೇಂದ್ರ ಕತೂರಾವನ್ನು ರೋಗ ತಡೆಯುವ ಟಿಮೋರ್ ಹೈಬ್ರಿಡ್ ತಳಿಯ ಜೊತೆ ಕೂಡಿಸಿ ‘ಕೊಲಂಬಿಯಾ’ ಎಂಬ ತಳಿ ಬಿಟ್ಟಿತ್ತು. 2005ರಲ್ಲಿ ಅದೇ ದಾರಿಯಲ್ಲಿ ಕಸ್ತೀಯೊ ಬಂತು. 2008ರ ನಂತರ ಮಳೆ ಹೆಚ್ಚಾಗಿ ರೋಗ ಮತ್ತೆ ಉಲ್ಬಣಿಸಿದಾಗ ದೇಶದ ಉತ್ಪಾದನೆ 2012ರ ಹೊತ್ತಿಗೆ 80 ಲಕ್ಷ ಚೀಲಕ್ಕಿಂತ ಕೆಳಗೆ ಇಳಿಯಿತು. ಉಳಿಸಿದ್ದು ಈ ತಳಿಗಳೇ. ನಮ್ಮ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ‘ಕಾವೇರಿ’ ತಳಿಯ ತಂದೆತಾಯಿಯೂ ಇವೇ ಎರಡು. ರುಚಿ ಕೆಟ್ಟಿತು ಅನ್ನುವ ದೂರು ಎರಡೂ ಕಡೆ ಒಂದೇ. ನನ್ನ ಅನುಭವ ಕೇಳಿದರೆ, ಎತ್ತರದ ತೋಟದಲ್ಲಿ ಪೂರ್ತಿ ಹಣ್ಣಾಗಿ ಕೊಯ್ದ ಕಸ್ತೀಯೊ ಮುಂದೆ ಅರೆಬರೆ ಕೊಯ್ದ ಕತೂರಾ ನಿಲ್ಲುವುದಿಲ್ಲ. ತಳಿಯ ಹೆಸರು ನೋಡಿ ಪ್ಯಾಕೆಟ್ ಬಿಡಬೇಡಿ.

ಸುಪ್ರೀಮೊ ಅಂದರೆ ಶ್ರೇಷ್ಠ ಅಂತ ಬಹಳ ಜನ ನಂಬಿದ್ದಾರೆ. ಅದು ಬೀಜದ ಗಾತ್ರ, ಅಷ್ಟೇ. ದೊಡ್ಡ ಜರಡಿಯ ಮೇಲೆ ನಿಂತದ್ದು ಸುಪ್ರೀಮೊ, ಅದಕ್ಕಿಂತ ಸಣ್ಣದು ಎಕ್ಸೆಲ್ಸೊ. ನಮ್ಮ ಪ್ಲಾಂಟೇಶನ್ ಎಎ, ಎ, ಬಿ ಇದ್ದಂತೆ. ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ. ‘100% ಕೊಲಂಬಿಯನ್’ ಅಂದರೂ ದೇಶ ಒಂದೇ ಅಂತ ಮಾತ್ರ ಅರ್ಥ. ಊರು ಯಾವುದು, ಯಾವ ವರ್ಷದ್ದು ಅಂತ ಏನೂ ಹೇಳದು. ಹೇಸರಗತ್ತೆಯ ಜೊತೆ ನಿಂತ ಹ್ವಾನ್ ವಾಲ್ದೇಸ್ ಚಿತ್ರವೂ ಅಷ್ಟೇ. 1927ರಲ್ಲಿ ಶುರುವಾದ ಬೆಳೆಗಾರರ ಒಕ್ಕೂಟ 1950ರ ದಶಕದ ಕೊನೆಯಲ್ಲಿ ಜಾಹೀರಾತಿಗಾಗಿ ಹುಟ್ಟಿಸಿದ ಪಾತ್ರ ಅದು. ನಿಜವಾದ ರೈತ ಅಂತ ಅಂದುಕೊಂಡವರು ಈಗಲೂ ಇದ್ದಾರೆ.

ಸರಿ, ನಿಮ್ಮ ಅಡುಗೆಮನೆಗೆ ಬರೋಣ. ಅಲ್ಲಿ ನಾಲ್ಕು ತಪ್ಪು ಒಟ್ಟಿಗೆ ಸೇರಿವೆ.

ಚಿಕ್ಕ ರೋಸ್ಟರಿಗಳು ಊರಿನ ಗುರುತು ಉಳಿಯಲಿ ಅಂತ ಕಡಿಮೆ ಹುರಿಯುತ್ತವೆ. ಕಡಿಮೆ ಹುರಿದ ಬೀಜ ಕಲ್ಲಿನಂತೆ ಗಟ್ಟಿ, ಒಳಗಿನ ಸತ್ವ ಸುಲಭಕ್ಕೆ ಬಿಡುವುದಿಲ್ಲ. ಅದರ ಮೇಲೆ, ಅಂಗಡಿಯವರು ಅಮೆರಿಕದ ಡ್ರಿಪ್ ಯಂತ್ರಕ್ಕೆ ಸರಿಯಾಗುವ ದಪ್ಪದಲ್ಲಿ ಪುಡಿ ಮಾಡಿರುತ್ತಾರೆ. ನಮ್ಮ ಫಿಲ್ಟರ್‌ನಲ್ಲಿ ನೀರು ಆ ಪುಡಿಯ ನಡುವೆ ಐದೇ ನಿಮಿಷಕ್ಕೆ ಜಾರಿ ಕೆಳಗೆ ಬೀಳುತ್ತದೆ. ಮೊದಲು ಕರಗುವುದು ಹುಳಿ. ಸಿಹಿ, ಕಹಿ, ದಪ್ಪ ಆಮೇಲೆ ಬರಬೇಕು. ಅವು ಬರುವ ಮೊದಲೇ ನೀರು ಖಾಲಿ. ಹುಳಿ ಮತ್ತು ತೆಳು ಎರಡೂ ಒಟ್ಟಿಗೆ ಇದ್ದರೆ ಅದು ಸತ್ವ ಪೂರ್ತಿ ಇಳಿದಿಲ್ಲ ಅನ್ನುವುದರ ಗುರುತು. ಹುಳಿ ಇದ್ದು ದಪ್ಪವಾಗಿದ್ದರೆ ಊರಿನ ಗುಣ ಅನ್ನಬಹುದಿತ್ತು. ಮೂರನೆಯದು, ರಾತ್ರಿ ಹಾಕಿಟ್ಟಿದ್ದು. ಡಿಕಾಕ್ಷನ್ ಗಂಟೆಗಟ್ಟಲೆ ಕೂತರೆ ಅದರ ಆಮ್ಲ ಏರುತ್ತದೆ. ಕಪ್ಪಗೆ ಹುರಿದ ಚಿಕೋರಿ ಪುಡಿಯಲ್ಲಿ ಅದು ಮುಚ್ಚಿಹೋಗುತ್ತದೆ, ಇದರಲ್ಲಿ ಎದ್ದು ಕಾಣುತ್ತದೆ. ನಾಲ್ಕನೆಯದೇ ಚಿಕೋರಿ. ಹಾಸನ, ಚಿಕ್ಕಮಗಳೂರು ಕಡೆಯ ಬಹುಪಾಲು ಮನೆಗಳಲ್ಲಿ ‘ಗಟ್ಟಿ ಡಿಕಾಕ್ಷನ್’ ಅಂತ ನಾವು ಹೊಗಳುವ ದಪ್ಪದಲ್ಲಿ ಚಿಕೋರಿಯ ಪಾಲು ದೊಡ್ಡದು. ಅದಿಲ್ಲದೆ ಯಾವ ಊರಿನ ಅರೇಬಿಕಾವೂ ಸ್ವಲ್ಪ ತೆಳ್ಳಗೇ ಇರುತ್ತದೆ.

ಹಾಲು ಒಡೆದಿದ್ದಕ್ಕೂ ಇದೇ ಕಾರಣ. ಕಾಫಿಯ ಪಿಎಚ್ 5ರ ಆಸುಪಾಸು. ಹಾಲಿನ ಪ್ರೋಟೀನ್ ಗರಣೆ ಕಟ್ಟುವುದು 4.6ರ ಹತ್ತಿರ. ನಡುವೆ ಅಂತರ ಸ್ವಲ್ಪವೇ. ಡಿಕಾಕ್ಷನ್ ಹುಳಿಯಾಗಿ, ಹಾಲು ತಾರೀಕಿನ ಕೊನೆಗೆ ಬಂದಿದ್ದು, ಎರಡೂ ಕುದಿಯುವಷ್ಟು ಬಿಸಿಯಿದ್ದರೆ ಒಡೆಯುತ್ತದೆ. ಬಾದಾಮಿ ಹಾಲು ಇನ್ನೂ ಬೇಗ ಒಡೆಯುತ್ತದೆ. ಹಾಳಾದ ಕಾಫಿ ಅಂತ ಹೆದರಬೇಕಿಲ್ಲ. ಹೊಸ ಹಾಲು ಕಾಯಿಸಿ, ಡಿಕಾಕ್ಷನ್ನನ್ನು ಹಾಲಿಗೆ ನಿಧಾನಕ್ಕೆ ಹಾಕಿ.

ಈಗ ಮನೆಯಲ್ಲಿರುವ ಎರಡು ಪ್ಯಾಕೆಟ್‌ಗೆ ಏನು ಮಾಡುವುದು? ನರಿನ್ಯೊವನ್ನು ಫಿಲ್ಟರ್‌ನಿಂದ ದೂರ ಇಡಿ. ಒಂದು ಪ್ಲಾಸ್ಟಿಕ್ ಡ್ರಿಪ್ಪರ್, ಕಾಗದದ ಸೋಸಣಿಗೆ ಸಾಕು, ಎರಡಕ್ಕೂ ಖರ್ಚು ಕಡಿಮೆ. 15 ಗ್ರಾಂ ಪುಡಿಗೆ ಕುದಿದು ಒಂದು ನಿಮಿಷ ಬಿಟ್ಟ 240 ಎಂಎಲ್ ನೀರು, ಮೂರು ನಿಮಿಷದಲ್ಲಿ ಇಳಿಯಲಿ. ಹಾಲು ಬೇಡ. ಬಿಸಿಯಿರುವಾಗ ಒಂದು ಗುಟುಕು, ಉಗುರು ಬೆಚ್ಚಗಾದಾಗ ಇನ್ನೊಂದು. ಕಿತ್ತಳೆ ಸಿಕ್ಕರೆ ಸಿಗುವುದು ಆಗಲೇ. ಸಿಗದಿದ್ದರೂ ಚಿಂತೆಯಿಲ್ಲ. ಯಜಮಾನರಿಗೆ ಇಷ್ಟವಾಗದಿರಬಹುದು, ಒತ್ತಾಯ ಬೇಡ.

ಹುಯಿಲಾವನ್ನು ಉಳಿಸಿಕೊಳ್ಳಬಹುದು. ಮುಂದಿನ ಸಲ ಎಸ್ಪ್ರೆಸೊಗಿಂತ ಸ್ವಲ್ಪ ದಪ್ಪ ಪುಡಿ ಮಾಡಿಕೊಡಿ ಅಂತ ಕೇಳಿ. ನೀರು ಕುದಿ ಇಳಿದ ಕೂಡಲೇ ಹಾಕಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ, ಅರ್ಧ ನಿಮಿಷ ಬಿಟ್ಟು ಉಳಿದದ್ದು. ಕೊಡೆಯನ್ನು ಗಟ್ಟಿಯಾಗಿ ಒತ್ತಬೇಡಿ, ನಯ ಪುಡಿಗೆ ಕಿಂಡಿಗಳು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ನಿಲ್ಲುತ್ತದೆ, ಈ ದಾರಿಯ ತೊಂದರೆ ಅದೇ. 20 ನಿಮಿಷದಲ್ಲಿ ಇಳಿದರೆ ಸರಿಯಿದೆ ಅಂತ. ನೂರಕ್ಕೆ 10ರಿಂದ 15 ಚಿಕೋರಿ ಸೇರಿಸಿದರೆ ಹಾಲು ಬೆರೆಸಿದರೂ ರುಚಿ ನಿಲ್ಲುತ್ತದೆ. 30 ಹಾಕಿದರೆ ಹುಯಿಲಾಕ್ಕೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಇಂಡಿಯನ್ ಸ್ಟೋರ್‌ನಲ್ಲಿ ಸಿಗುವ ನಮ್ಮ ಕಡೆಯ ಫಿಲ್ಟರ್ ಪುಡಿಯನ್ನು ಮೂರಕ್ಕೆ ಒಂದು ಪಾಲು ಬೆರೆಸುವುದು ಇನ್ನೂ ಸುಲಭ, ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಆದರೆ ಆ ಪುಡಿ ಎಷ್ಟು ಹಳೆಯದು ಅನ್ನುವುದನ್ನು ನೋಡಿಕೊಳ್ಳಿ. ಹಡಗಿನಲ್ಲಿ ಬಂದು ತಿಂಗಳುಗಟ್ಟಲೆ ಕೂತ ಪುಡಿ ಒಳ್ಳೆಯ ಕಾಫಿಯನ್ನೂ ಎಳೆದು ಕೆಳಗೆ ಹಾಕುತ್ತದೆ.

ಮುಂದೆ ಹಾಲಿನ ಕಾಫಿಗೇ ಅಂತ ಕೊಳ್ಳುವುದಾದರೆ ಸಿಯೆರಾ ನೆವಾಡಾ ಅಥವಾ ಸಾಂತಾಂದೇರ್ ಕೇಳಿ, ಮೀಡಿಯಂ ಅಥವಾ ಅದಕ್ಕಿಂತ ಸ್ವಲ್ಪ ಗಾಢವಾಗಿ ಹುರಿದದ್ದು. ಸಿಗದಿದ್ದರೆ ಆಂಟಿಯೋಕಿಯಾ, ಕಿಂದಿಯೊ. ಇದರಲ್ಲೂ ಅಪಾಯ ಇಲ್ಲದಿಲ್ಲ. ಹುಳಿ ಕಡಿಮೆ ಇರುವ ಕಾಫಿ ಹಳೆಯದಾದರೆ ಬೇಗ ಮಂಕಾಗುತ್ತದೆ, ಗೋಣಿಚೀಲದ, ಒಣ ಮರದ ರುಚಿ ಬರುತ್ತದೆ. ನರಿನ್ಯೊ ಹಳೆಯದಾದರೂ ಅದರ ಹುಳಿ ಸ್ವಲ್ಪ ದಿನ ಕಾಪಾಡುತ್ತದೆ. ತೀರಾ ಕಪ್ಪಗೆ, ಎಣ್ಣೆ ಜಿನುಗುವಷ್ಟು ಹುರಿದದ್ದೇ ನಿಮಗೆ ಇಷ್ಟವಾದರೆ ಊರಿನ ಹೆಸರಿಗೆ ದುಡ್ಡು ಕೊಡಲೇಬೇಡಿ. ಅಷ್ಟು ಹುರಿದ ಮೇಲೆ ಹುಯಿಲಾ, ತೊಲಿಮಾ, ಸಾಂತಾಂದೇರ್ ಬೇರೆ ಮಾಡಿ ಹೇಳುವುದು ನಮ್ಮಂಥವರಿಗೂ ಕಷ್ಟ. ನಿಮ್ಮ ಹಳೆಯ ದೊಡ್ಡ ಅಂಗಡಿಯ ಪುಡಿಯೇ ಸಾಕು, ನಾಚಿಕೆಯೇನಿಲ್ಲ.

ಪೀಚ್ ಕಾಫಿ. ಹಣ್ಣು ಬಿಡಿಸಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಿಸುವಾಗ ಪೀಚ್ ತಿರುಳೋ ರಸವೋ ಸೇರಿಸುತ್ತಾರೆ, ಕೆಲವರು ಗಾಳಿಯಾಡದ ಡ್ರಮ್‌ನಲ್ಲಿ. ಕೊಲಂಬಿಯಾದ ಹೊಸ ತಲೆಮಾರಿನ ಬೆಳೆಗಾರರು ಇದರಲ್ಲಿ ಮುಂದಿದ್ದಾರೆ. 2015ರ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಸಾಶಾ ಶೆಸ್ಟಿಕ್, ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಹುದುಗಿಸಿದ ಕೊಲಂಬಿಯಾ ಕಾಫಿಯಿಂದ ಗೆದ್ದ ಮೇಲೆ ಹೊಸ ಬಗೆಯ ಹುದುಗಿಸುವಿಕೆಗೆ ಬೇಡಿಕೆ ಜೋರಾಯಿತು. ಅವರ ಕಾಫಿಯಲ್ಲಿ ಹೊರಗಿನ ಹಣ್ಣು ಇರಲಿಲ್ಲ, ಅದು ನೆನಪಿರಲಿ. ಹಣ್ಣು ಸೇರಿಸುವುದು ಆಮೇಲಿನ ಹೆಜ್ಜೆ. ಸರಿಯೋ ತಪ್ಪೋ ಅಂತ ವೃತ್ತಿಯಲ್ಲಿರುವವರಲ್ಲೇ ಜಗಳ ನಡೆದಿದೆ. ನನ್ನ ಮಟ್ಟಿಗೆ, ಲೇಬಲ್‌ನಲ್ಲಿ ಬರೆದು ಮಾರಿದರೆ ತಕರಾರಿಲ್ಲ. ಎರಡು ಗುಟುಕು ಮಜವಾಗಿರುತ್ತದೆ, ಮೂರನೆಯ ಹೊತ್ತಿಗೆ ನನಗೆ ಸಾಕಾಗುತ್ತದೆ. ಒಂದು ಮಾತ್ರ ಖಚಿತ: ಅದರಲ್ಲಿ ಊರಿನ ರುಚಿ ಹುಡುಕಬೇಡಿ. ಹುಯಿಲಾ, ಕೌಕಾ ಯಾವುದಾದರೂ ಒಂದೇ, ಬರುವುದು ಪೀಚ್. ಮನೆಯಲ್ಲಿ ಯಾರಿಗಾದರೂ ಆ ಹಣ್ಣು ಒಗ್ಗದಿದ್ದರೆ ಅಂಗಡಿಯವರನ್ನು ಕೇಳದೆ ತರಬೇಡಿ. ನಿಮ್ಮ ಫಿಲ್ಟರ್‌ಗಂತೂ ಹಾಕಲೇಬೇಡಿ, ಹಾಲಿನ ಜೊತೆ ಸೇರಿದರೆ ಕೆಮ್ಮಿನ ಔಷಧಿಯ ನೆನಪು ಬರುತ್ತದೆ.

ಕೊಳ್ಳುವಾಗ ಹುರಿದ ತಾರೀಕಿನ ಜೊತೆ ಕೊಯ್ಲಿನ ತಿಂಗಳನ್ನೂ ಕೇಳಿ. ಸಿಯೆರಾ ನೆವಾಡಾದ ಕೊಯ್ಲು ಅಕ್ಟೋಬರ್‌ನಿಂದ ಜನವರಿ. ಒಣಗಿ, ಹಡಗು ಹತ್ತಿ, ನಿಮ್ಮಲ್ಲಿ ಹುರಿದು ಅಂಗಡಿಗೆ ಬರುವುದು ಏಪ್ರಿಲ್ ಮೇ ಹೊತ್ತಿಗೆ. ನರಿನ್ಯೊ, ಕೌಕಾಗಳ ಮುಖ್ಯ ಕೊಯ್ಲು ಏಪ್ರಿಲ್‌ನಿಂದ ಜುಲೈ, ಅಂದರೆ ಹೊಸದು ಸಿಗುವುದು ದಸರಾ ದೀಪಾವಳಿ ಸಮಯಕ್ಕೆ. ಹುಯಿಲಾ ಎರಡು ಸಲ ಕೊಯ್ಯುತ್ತದೆ, ವರ್ಷವಿಡೀ ಯಾವುದಾದರೂ ಒಂದು ಹೊಸದಿರುತ್ತದೆ. ಈಗ ಸಿಯೆರಾ ನೆವಾಡಾ ಬೇಕೆಂದು ಹೋಗಿ ಅಂಗಡಿಯವರು ಹಿಂದಿನ ವರ್ಷದ ಬೀಜ ಅಂದರೆ ಬಿಟ್ಟು ಆಂಟಿಯೋಕಿಯಾ ತನ್ನಿ. ತರುವುದು ಕಾಲು ಕೆಜಿ ಸಾಕು, ಬೀಜದ ರೂಪದಲ್ಲೇ.